ಪಾವಗಡದ ಸೋಲಾರ್ ಪಾರ್ಕ್ ಊರಲ್ಲಿ ನಾನು ಮಾಡಿದ ಫೀಲ್ಡ್ ಪ್ಲೇಸ್‌ಮೆಂಟ್

ಎಂಎ ಸೋಶಿಯಾಲಜಿಲಿ ಫೀಲ್ಡ್ ಪ್ಲೇಸ್‌ಮೆಂಟ್ ಅಂದ ತಕ್ಷಣ ನಮ್ಮ ಕ್ಲಾಸಿನ ಅರ್ಧ ಜನ ಬೆಂಗಳೂರಲ್ಲೇ ಯಾವುದೋ ಎನ್‌ಜಿಒ ಆಫೀಸ್ ಹಿಡ್ಕೊಂಡು, ಎಕ್ಸೆಲ್ ಶೀಟ್ ತುಂಬಿ, ಸರ್ಟಿಫಿಕೇಟ್ ತಗೊಂಡು ಬಂದ್ರು. ನಾನು ಪಾವಗಡ ಅಂದೆ. ತಿರುಮಣಿ ಸುತ್ತಮುತ್ತ ಐದು ಊರುಗಳ ಸುಮಾರು 13,000 ಎಕರೆ ಸೋಲಾರ್ ಪಾರ್ಕ್‌ಗೆ ಹೋಗಿದೆ, 2,050 ಮೆಗಾವಾಟ್. ವಿಶೇಷ ಏನಂದ್ರೆ ಜಮೀನನ್ನ ಯಾರೂ ಕೊಂಡ್ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ತಗೊಂಡಿದ್ದಾರೆ, ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಜಾಸ್ತಿ. ಮಳೆ ನೆಚ್ಚಿಕೊಂಡು ಕಡ್ಲೆಕಾಯಿ ಹಾಕಿ ಕೈ ಸುಟ್ಕೊಂಡೋರಿಗೆ ಇದೇನು ಕಡಿಮೆ ಅಲ್ಲ ಬಿಡಿ. ಆದ್ರೆ ಅವರ ಹೊಲದಲ್ಲಿ ಕಳೆ ಕೀಳ್ತಿದ್ದೋರು, ಬೀಳು ಜಮೀನಲ್ಲಿ ಕುರಿ ಮೇಯಿಸ್ತಿದ್ದೋರು ಏನಾದ್ರು ಅನ್ನೋದು ನನ್ನ ಪ್ರಶ್ನೆ.

ನಾನು ಸೇರ್ಕೊಂಡ ಸಂಸ್ಥೆಯವರ ಹತ್ರ ಫಾರಂ ರೆಡಿ ಇತ್ತು. ಮೊದಲ್ನೇ ಪ್ರಶ್ನೆನೇ ಎಷ್ಟು ಎಕರೆ ಗುತ್ತಿಗೆಗೆ ಕೊಟ್ಟಿದ್ದೀರಿ ಅಂತ. ಸೊನ್ನೆ ಅಂದ್ರೆ ಫಾರಂ ಅಲ್ಲಿಗೇ ಮುಗೀತು. ಮನೆಗಳ ಪಟ್ಟಿನೂ ಜಮೀನು ಕೊಟ್ಟೋರದ್ದೇ. ನಾನು ಅವರ ಜೊತೆ ಥಿಯರಿ ಮಾತಾಡೋಕೆ ಹೋಗ್ಲಿಲ್ಲ, ಬೆಳಿಗ್ಗೆ ನಿಮ್ಮ ಫಾರಂ ತುಂಬಿಕೊಡ್ತೀನಿ, ಸಂಜೆ ನನ್ನ ರಿಪೋರ್ಟಿಗೆ ಅಂತ ಜಮೀನಿಲ್ಲದ ಮನೆಗಳಿಗೆ ಹೋಗ್ತೀನಿ ಅಂದೆ, ಒಪ್ಪಿದ್ರು. ಈ ಮಾತುಕತೆ ಮೊದಲ ವಾರದಲ್ಲೇ ಆಗ್ಬೇಕು, ಆಮೇಲೆ ಯಾರಿಗೂ ಪುರುಸೊತ್ತಿರಲ್ಲ. ಹೇಗಿದ್ರೂ ಕೂಲಿಗೆ ಹೋಗೋರು ಮನೇಲಿ ಸಿಗೋದು ಸಂಜೆನೇ.

ಕಾಲೋನಿಗೆ ಪಂಚಾಯ್ತಿ ಮೆಂಬರ್ ಜೊತೆ ಹೋಗ್ಬೇಡಿ. ಹೋದ್ರೆ ಎಲ್ಲರೂ ಎಲ್ಲಾ ಚೆನ್ನಾಗಿದೆ ಮೇಡಂ ಅಂತಾರೆ, ಅಷ್ಟೇ. ಕೂತ ಸ್ವಲ್ಪ ಹೊತ್ತಿಗೆ "ನೀವ್ಯಾವ ಜನ?" ಅಂತ ಕೇಳೇ ಕೇಳ್ತಾರೆ, ನಾನು ಇದ್ದದ್ದು ಇದ್ದಹಾಗೆ ಹೇಳ್ತಿದ್ದೆ. ನಾವು ಅವರ ಜಾತಿ ಕಾಲಂ ತುಂಬ್ಬಹುದು, ಅವರು ನಮ್ಮದು ಕೇಳಬಾರದು ಅಂದ್ರೆ ಹೇಗೆ?

ಇನ್ನು ಆದಾಯದ ಪ್ರಶ್ನೆ. ವರ್ಷಕ್ಕೆ ಎಷ್ಟು ದುಡೀತೀರಿ ಅಂದ್ರೆ ಸಾಕು ಮುಖ ಬಿಗಿಯಾಗುತ್ತೆ, ಯಾಕಂದ್ರೆ 1.2 ಲಕ್ಷ ದಾಟಿದ್ರೆ ಬಿಪಿಎಲ್ ಕಾರ್ಡ್ ಹೋಗುತ್ತೆ ಅನ್ನೋದು ಊರಿಗೆಲ್ಲ ಗೊತ್ತು. ಪೆನ್ನು ಹಿಡಿದು ಬಂದೋರೆಲ್ಲ ಸರ್ಕಾರದೋರೇ ಅವರ ಲೆಕ್ಕದಲ್ಲಿ, ಗೃಹಲಕ್ಷ್ಮಿ ದುಡ್ಡು ಯಾಕೆ ಬಂದಿಲ್ಲ ಅಂತ ನನ್ನನ್ನೇ ಕೇಳೋರು. ಅದಕ್ಕೆ ನಾನು ಆದಾಯ ಬಿಟ್ಟು ಕೆಲಸದ ಕ್ಯಾಲೆಂಡರ್ ಮಾಡ್ದೆ. ಒಂದು ಚಾರ್ಟ್ ಹಾಳೆ, ತಿಂಗಳ ಬದ್ಲು ಯುಗಾದಿ, ಗೌರಿ ಹಬ್ಬ, ದೀಪಾವಳಿ, ಸಂಕ್ರಾಂತಿ ಅಂತ ಚೌಕಗಳು, ಮೇಲಿನ ಸಾಲು ಪ್ಯಾನೆಲ್ ಬರೋಕೆ ಮುಂಚೆ, ಕೆಳಗಿನ ಸಾಲು ಈಗ. ಕೆಲಸ ಎಷ್ಟಿತ್ತೋ ಅಷ್ಟು ಕಡ್ಲೆಬೀಜ ಇಡಿ ಅಂದೆ.

ಒಬ್ಬ ಅಜ್ಜಿ ದೀಪಾವಳಿ ಹತ್ರದ ಚೌಕದಲ್ಲಿ ಒಂದು ಹಿಡಿ ಪೂರ್ತಿ ಸುರಿದುಬಿಟ್ರು, ಕಾಯಿ ಕೀಳೋದು, ಬಿಡಿಸೋದು ಎಲ್ಲಾ ಆಗಲೇ. ಅದರ ಪಕ್ಕ ಮತ್ತೆ ನಾಲ್ಕು ಬೀಜ ಬೇರೆ ಇಟ್ರು. ಇದೇನಜ್ಜಿ ಅಂದೆ. "ಇದು ಹಕ್ಕಲು ಕಣಮ್ಮ" ಅಂದ್ರು. ಕಿತ್ತ ಹೊಲದಲ್ಲಿ ಉಳಿದ ಕಾಯಿ ಆಯ್ಕೊಂಡು ಬರೋದು, ಮನೆ ಚಟ್ನಿಗೆ ಅದೇ. ಯಾವ ಫಾರಂನಲ್ಲೂ ಇದಕ್ಕೆ ಕಾಲಂ ಇಲ್ಲ. ಕೆಳಗಿನ ಸಾಲಲ್ಲಿ ಪ್ಯಾನೆಲ್ ಕೆಳಗೆ ಹುಲ್ಲು ಕೊಯ್ಯೋ ಕೆಲಸಕ್ಕೆ ಒಂದೆರಡು ಬೀಜ, ಆಮೇಲೆ ಒಂದನ್ನ ಕೈಯಲ್ಲೇ ಹಿಡ್ಕೊಂಡು "ಮಗ ಬೆಂಗಳೂರಲ್ಲಿ ಗಾರೆ ಕೆಲಸಕ್ಕಿದ್ದಾನೆ, ಇದನ್ನೆಲ್ಲಿಡ್ಲಿ?" ಅಂದ್ರು. ಹಾಳೆ ಹೊರಗೆ ಇಡಿ ಅಂದೆ. ಆಮೇಲೆ ಪ್ರತಿ ಮನೇಲೂ ಹಾಳೆ ಹೊರಗೆ ಇಟ್ಟಿದ್ದನ್ನೂ ಫೋಟೋ ತಗೊಂಡೆ, ನನ್ನ ರಿಪೋರ್ಟಲ್ಲಿ ವಲಸೆ ಅಧ್ಯಾಯ ಹುಟ್ಟಿದ್ದೇ ಅಲ್ಲಿ.

ಆ ಕಡೆ ಬಹಳಷ್ಟು ಮನೆ ಮಾತು ತೆಲುಗು. ಅತ್ತೆ ಸೊಸೆ ತೆಲುಗಲ್ಲಿ ಚರ್ಚೆ ಮಾಡಿ, ತೀರ್ಮಾನ ಆದ್ಮೇಲೆ ನನಗೆ ಕನ್ನಡದಲ್ಲಿ ಒಂದು ಲೈನ್ ಹೇಳೋರು. ನನ್ನ ತೆಲುಗು ಬಸ್‌ಸ್ಟ್ಯಾಂಡ್ ಲೆವೆಲ್ಲು, ಆದ್ರೂ ಆ ಚರ್ಚೆ ಅರ್ಥ ಆದಷ್ಟನ್ನ ಅವತ್ತು ರಾತ್ರಿನೇ ಡೈರಿಗೆ ಬರೀತಿದ್ದೆ, ಬರ್ಕೊಳ್ಳಲಾ ಅಂತ ಮೊದಲೇ ಕೇಳ್ಕೊಂಡು. ರೆಕಾರ್ಡರ್ ಮುಟ್ಲಿಲ್ಲ, ಅದನ್ನ ಆನ್ ಮಾಡಿದ್ರೆ ಜನ ಭಾಷಣ ಶುರು ಮಾಡ್ತಾರೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೇಳಿದ್ದು ನಿರೀಕ್ಷೆ ಇದ್ದಿದ್ದೇ, ಸ್ಯಾಂಪಲ್ ಸಣ್ಣದಲ್ವಾ ಅಂತ. ಹೌದು ಸರ್, ಐದೂ ಊರಿನ ಲೆಕ್ಕ ನಾನು ಹೇಳ್ತಿಲ್ಲ, ಜಮೀನಿನ ಲೆಕ್ಕದಲ್ಲಿ ಕಾಣದ ಕೆಲಸ ಯಾವ್ಯಾವುದು ಅಂತ ತೋರಿಸ್ತಿದ್ದೀನಿ ಅಂದೆ. ಒಪ್ಕೊಂಡ್ರೋ ಇಲ್ವೋ, ಮಾರ್ಕ್ಸ್ ಅಂತೂ ಕೊಟ್ರು.

ಹೋಗೋ ಪ್ಲ್ಯಾನ್ ಇದ್ರೆ ಎಚ್‌ಒಡಿ ಲೆಟರ್ ಎರಡು ಕಾಪಿ ಇಟ್ಕೊಳ್ಳಿ, ಒಂದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಟ್ಟು ಇನ್ನೊಂದಕ್ಕೆ ಸೀಲ್ ಹಾಕಿಸ್ಕೊಳ್ಳಿ. ಪಾರ್ಕ್ ಗೇಟ್ ಹತ್ರ ನಿಂತಿದ್ರೂ ಸೆಕ್ಯುರಿಟಿಯೋರು ಯಾರು ನೀವು ಅಂತ ಬರ್ತಾರೆ. ಸ್ಟೈಪೆಂಡ್ ಸೊನ್ನೆ. ನನಗೆ ಶಕ್ತಿ ಯೋಜನೆ ಇದ್ದಿದ್ದಕ್ಕೆ ಬಸ್ ಚಾರ್ಜ್ ಉಳೀತು, ಹುಡುಗರು ಆ ಖರ್ಚು ಮೊದ್ಲೇ ಲೆಕ್ಕ ಹಾಕ್ಕೊಳ್ಳಿ.