ಚಳಿಗಾಲದಲ್ಲಿ ಅಥೆನ್ಸ್‌ಗೆ ಐದು ದಿನ: ಕರಾವಳಿಯವರಿಗೊಂದು ಮಾರ್ಗದರ್ಶಿ

ಡಿಸೆಂಬರ್ ಅಥವಾ ಜನವರಿಯಲ್ಲಿ ಅಥೆನ್ಸ್‌ಗೆ ಹೊರಡುವ ಮಂಗಳೂರು, ಉಡುಪಿಯ ಪ್ರವಾಸಿಗರು ಮೊದಲು ಮರೆಯಬೇಕಾದದ್ದು ನಮ್ಮ ಋತುಗಳ ಲೆಕ್ಕವನ್ನು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಡಿಸೆಂಬರ್ ಹೊತ್ತಿಗೆ ದೂರವಾಗಿರುತ್ತದೆ. ಮೆಡಿಟರೇನಿಯನ್ ತೀರದಲ್ಲಾದರೋ ಬೇಸಿಗೆಯೇ ಒಣಗಾಲ, ಚಳಿಗಾಲವೇ ಮಳೆಗಾಲ. ಹಾಗೆಂದು ಹೆದರಬೇಕಾಗಿಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಮಂಗಳೂರಿನವರಿಗೆ, ವರ್ಷವಿಡೀ ಸುಮಾರು 400 ಮಿ.ಮೀ. ಸುರಿಯುವ ಅಥೆನ್ಸಿನ ಮಳೆ ಮಳೆಯೆಂದೇ ಅನ್ನಿಸಲಾರದು. ಹಗಲಿನಲ್ಲಿ 13–15 ಡಿಗ್ರಿ, ರಾತ್ರಿ ಸುಮಾರು 7 ಡಿಗ್ರಿ ಉಷ್ಣಾಂಶವಿರುತ್ತದೆ. ನಿಜವಾಗಿ ಕಾಡುವುದು ಚಳಿಯಲ್ಲ, ಹಗಲಿನ ಕೊರತೆ: ಡಿಸೆಂಬರ್ ಕೊನೆಯಲ್ಲಿ ಸಂಜೆ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಆದ್ದರಿಂದ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು, ಬೆಳಕಿರುವ ಗಂಟೆಗಳನ್ನು ಮುಂದಿಟ್ಟುಕೊಂಡು ಯೋಜನೆ ಹಾಕುವುದೇ ಸರಿಯಾದ ಕ್ರಮ.

ಗ್ರೀಸ್‌ಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಸಲ್ಲಿಸಬಹುದು; ಕನಿಷ್ಠ 15 ದಿನ ಮೊದಲಾದರೂ ಸಲ್ಲಿಸಲೇಬೇಕು. ವಯಸ್ಕರಿಗೆ ಶುಲ್ಕ 90 ಯೂರೋ, ಅರ್ಜಿ ಸ್ವೀಕರಿಸುವ ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ, ಮತ್ತು ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಪಡೆದದ್ದಾಗಿದ್ದು, ಹಿಂದಿರುಗುವ ದಿನದಿಂದ ಮೂರು ತಿಂಗಳ ಆಚೆಗೂ ಊರ್ಜಿತವಾಗಿರಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುವುದರಿಂದ, ಕ್ರಿಸ್‌ಮಸ್ ರಜೆಯ ಪ್ರವಾಸಕ್ಕೆ ಸೆಪ್ಟೆಂಬರ್‌ನಲ್ಲಿಯೇ ದಿನ ಕಾಯ್ದಿರಿಸುವುದು ಒಳ್ಳೆಯದು.

ವಿಮಾನದ ವಿಷಯದಲ್ಲಿ ನಮ್ಮವರಿಗೆ ಗಲ್ಫ್ ದಾರಿಯೇ ಸಹಜ. ಬಜ್ಪೆಯಿಂದ ದುಬೈಗೆ ನೇರ ವಿಮಾನವಿದೆ, ದುಬೈಯಿಂದ ಅಥೆನ್ಸ್‌ಗೂ ಇದೆ, ನಡುವೆ ಉಳಿದುಕೊಳ್ಳಲು ಅಣ್ಣನ ಮನೆಯೋ ಅತ್ತೆಯ ಮನೆಯೋ ಹೇಗೂ ಇರುತ್ತದೆ. ಆದರೆ ಎರಡು ಟಿಕೆಟ್‌ಗಳನ್ನು ಪ್ರತ್ಯೇಕವಾಗಿ ಕೊಂಡರೆ ದುಬೈಯಲ್ಲಿ ಸಾಮಾನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಅದಕ್ಕೆ ಹೊರಗೆ ಬರಬೇಕು, ಹೊರಗೆ ಬರಲು ಅಲ್ಲಿನ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೆಯದರ ಹಣವೂ ಹೋಗಬಹುದು. ಅಲ್ಲಿ ತಂಗುವ ಉದ್ದೇಶವಿಲ್ಲದವರು ಮುಂಬೈ ಅಥವಾ ಬೆಂಗಳೂರಿನಿಂದ ಒಂದೇ ಟಿಕೆಟ್‌ನಲ್ಲಿ ಹೋಗುವುದು ಮೇಲು.

ಜಾರದ ರಬ್ಬರ್ ಅಡಿಯ ಬೂಟು, ಒಂದರ ಮೇಲೊಂದು ತೊಡಬಹುದಾದ ಬಟ್ಟೆ, ಗಾಳಿ ತಡೆಯುವ ಒಂದು ಜಾಕೆಟ್ ಇದ್ದರೆ ಸಾಕು. ಮಳೆಗಾಲದ ಬೈಕ್ ಸವಾರಿಗೆಂದು ಕೊಂಡ ರೈನ್‌ಕೋಟ್ ಅಲ್ಲಿಯೂ ಕೊಡೆಗಿಂತ ಉಪಯುಕ್ತ. ಪ್ರಾಚೀನ ದೇಗುಲಗಳಿರುವ ಅಕ್ರೊಪೊಲಿಸ್ ಬೆಟ್ಟದ ದಕ್ಷಿಣಕ್ಕಿರುವ ಕೌಕಾಕಿ ಬಡಾವಣೆ ತಂಗಲು ಅನುಕೂಲಕರ. ಬಿಸಿನೀರು ಇದೆಯೇ ಎಂದು ಕೇಳುವ ನಮಗೆ, ಕೋಣೆ ಬೆಚ್ಚಗಿರುತ್ತದೆಯೇ ಎಂದು ಕೇಳುವ ಅಭ್ಯಾಸವಿಲ್ಲ. ಹಳೆಯ ವಸತಿ ಕಟ್ಟಡಗಳಲ್ಲಿ ಇಡೀ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆಯನ್ನು ದಿನಕ್ಕೆ ಕೆಲವು ಗಂಟೆ ಮಾತ್ರ ನಡೆಸುವ ರೂಢಿಯುಂಟು. ಆದ್ದರಿಂದ ಕೋಣೆಗೆ ಪ್ರತ್ಯೇಕ ಹೀಟರ್ ಅಥವಾ ಏಸಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಬೇಕು.

ಹವಾಮಾನ ಮುನ್ಸೂಚನೆ ನೋಡಿ, ಅತ್ಯಂತ ಒಣ ದಿನವನ್ನು ಅಕ್ರೊಪೊಲಿಸ್‌ಗೆ ಮೀಸಲಿಡಬೇಕು. ಕ್ರಿ.ಪೂ. 447ರಲ್ಲಿ ಅಥೀನಾ ದೇವಿಯ ಗುಡಿಯಾದ ಪಾರ್ಥೆನಾನ್ ಕಟ್ಟಲಾರಂಭಿಸಿದ ಈ ಬೆಟ್ಟದ ಕಲ್ಲುಗಳು ಲಕ್ಷಾಂತರ ಕಾಲುಗಳಡಿ ಸವೆದು ನುಣುಪಾಗಿವೆ. ಮಳೆ ಬಿದ್ದ ಮೇಲೆ ಅವುಗಳ ಮೇಲೆ ಹಿರಿಯರನ್ನು ನಡೆಸುವುದು ಅಪಾಯಕರ. ಚಳಿಗಾಲದಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಪ್ರವೇಶವಿದ್ದು, 30 ಯೂರೋ ಟಿಕೆಟನ್ನು ಸಮಯ ನಿಗದಿಪಡಿಸಿಯೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಉಚಿತವೆಂದರೆ ನೂಕುನುಗ್ಗಲೂ ಉಂಟೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಮೊದಲ ಸಮಯವನ್ನು ಆರಿಸಿಕೊಂಡು, ಅಕ್ರೊಪೊಲಿ ಮೆಟ್ರೊ ನಿಲ್ದಾಣದ ಬಳಿಯ ಆಗ್ನೇಯ ದ್ವಾರದಿಂದ ಹತ್ತಿದರೆ ಡಯೊನೈಸಸ್ ರಂಗಮಂದಿರವನ್ನು ದಾರಿಯಲ್ಲಿಯೇ ನೋಡಿಕೊಂಡು ಸಾಗಬಹುದು.

ಮಳೆಯ ದಿನಗಳನ್ನು ವಸ್ತುಸಂಗ್ರಹಾಲಯಗಳಿಗೆ ಬಿಡಿ. ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿರುವ ಆಂಟಿಕಿಥೆರಾ ಯಂತ್ರ, ಸೂರ್ಯ ಚಂದ್ರರ ಗತಿಯನ್ನೂ ಗ್ರಹಣಗಳನ್ನೂ ಹಲ್ಲುಚಕ್ರಗಳಿಂದ ಲೆಕ್ಕ ಹಾಕುತ್ತಿದ್ದ, ಮುಳುಗಿದ ಹಡಗೊಂದರಿಂದ 1901ರಲ್ಲಿ ಮೇಲೆ ಬಂದ ಉಪಕರಣ. ಪಂಚಾಂಗದಲ್ಲಿ ಆಸಕ್ತಿಯಿರುವವರು ಅದರ ಮುಂದೆ ಗಂಟೆಗಟ್ಟಲೆ ನಿಲ್ಲಬಹುದು. ನನ್ನ ಮಟ್ಟಿಗೆ, ಸಮಯ ಸಾಲದಿದ್ದರೆ ಬೇರೆಲ್ಲವನ್ನು ಬಿಟ್ಟರೂ ಇದನ್ನು ಬಿಡಬಾರದು.

ಉಡುಪಿಯ ಸಸ್ಯಾಹಾರಿಗಳಿಗೆ ಚಳಿಗಾಲವೇ ಅನುಕೂಲದ ಕಾಲ. ಆರ್ಥಡಾಕ್ಸ್ ಕ್ರೈಸ್ತರು ನವೆಂಬರ್ 15ರಿಂದ ಕ್ರಿಸ್‌ಮಸ್ ಮುನ್ನಾದಿನದವರೆಗೆ ವ್ರತ ಹಿಡಿದು ಮಾಂಸ, ಮೊಟ್ಟೆ, ಹಾಲನ್ನು ತ್ಯಜಿಸುವುದರಿಂದ, 'ನಿಸ್ತೀಸಿಮಾ' ಎಂದು ಕೇಳಿದರೆ ವ್ರತದ ಅಡುಗೆ ತೋರಿಸುತ್ತಾರೆ. ಆದರೆ ಆ ವ್ರತದಲ್ಲಿ ಸೀಗಡಿ, ಬೊಂಡಾಸಗಳಿಗೆ ನಿಷೇಧವಿಲ್ಲ. ಆದ್ದರಿಂದ ಅಷ್ಟು ಕೇಳಿ ಸುಮ್ಮನಾಗದೆ, ಸಮುದ್ರದ ಯಾವುದೂ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಟೊಮೆಟೊದೊಳಗೆ ಅನ್ನ ತುಂಬಿದ ಗೆಮಿಸ್ತಾ ಕೇಳುವಾಗ ಕೀಮಾ ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ದೊಡ್ಡ ಬಿಳಿ ಅವರೆಯಂಥ ಕಾಳನ್ನು ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಗಿಗಾಂತೆಸ್, ನಿಂಬೆರಸ ಹಿಂಡಿದ ಬೇಯಿಸಿದ ಸೊಪ್ಪು ನಮ್ಮ ನಾಲಗೆಗೆ ಒಗ್ಗುತ್ತವೆ, ಖಾರವೊಂದು ಇಲ್ಲ. ಉಪ್ಪಿನಕಾಯಿಯ ಸಣ್ಣ ಪೊಟ್ಟಣ ಜೊತೆಗಿರಲಿ. ಮೀನು ತಿನ್ನುವವರು ಅಥಿನಾಸ್ ಬೀದಿಯ ವರ್ವಾಕಿಯೊಸ್ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ ನೋಡಬೇಕು. ಕೆಂಡದ ಮೇಲೆ ಸುಟ್ಟ ಸಾರ್ಡೀನ್ ನಮ್ಮ ಬೂತಾಯಿಯ ಹತ್ತಿರದ ಸಂಬಂಧಿ, ಮಸಾಲೆಯಿಲ್ಲದ ಬೂತಾಯಿ ಎನ್ನಬಹುದು.

ದ್ವೀಪ ನೋಡುವ ಆಸೆಯಿದ್ದರೆ ಸ್ಯಾಂಟೊರಿನಿ ಬೇಡ. ಅಲ್ಲಿನ ಬಹುಪಾಲು ಹೋಟೆಲುಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಅಥೆನ್ಸಿನ ಪಿರಾಯಸ್ ಬಂದರಿನಿಂದ ಹತ್ತಿರವಿರುವ, ಪಿಸ್ತಾಕ್ಕೆ ಹೆಸರಾದ ಈಜಿನಾ ಒಂದು ದಿನಕ್ಕೆ ಸಾಕು. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲುವಂತೆ ಅಲ್ಲಿಯೂ ಗಾಳಿ ಜೋರಾದರೆ ಹಡಗು ಬಿಡುವುದಿಲ್ಲ. ಹಾಗಾಗಿ ಈ ಪ್ರವಾಸವನ್ನು ಮರಳುವ ವಿಮಾನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬಾರದು.

ಡಿಸೆಂಬರ್ 25, 26 ಮತ್ತು ಜನವರಿ 1ರಂದು ಅಕ್ರೊಪೊಲಿಸ್ ಮತ್ತು ಪ್ರಮುಖ ಸಂಗ್ರಹಾಲಯಗಳು ಮುಚ್ಚಿರುತ್ತವೆ. ಆಯ್ಕೆಯಿದ್ದರೆ ಜನವರಿ 6 ಒಳಗೊಳ್ಳುವಂತೆ ಹೊರಡಿ: ಅಂದು ಪಿರಾಯಸ್‌ನಲ್ಲಿ ಪಾದ್ರಿಗಳು ಶಿಲುಬೆಯನ್ನು ಕಡಲಿಗೆ ಎಸೆಯುತ್ತಾರೆ, ಈಜುಗಾರರು ಕೊರೆಯುವ ನೀರಿಗೆ ಧುಮುಕಿ ಅದನ್ನು ತರುತ್ತಾರೆ. ವಿಮಾನ ನಿಲ್ದಾಣಕ್ಕೂ ನಗರ ಮಧ್ಯದ ಸಿಂತಗ್ಮಾ ಚೌಕಕ್ಕೂ ನಡುವೆ ಮೆಟ್ರೊ 9 ಯೂರೋಗೆ ಸುಮಾರು 40 ನಿಮಿಷದಲ್ಲಿ ತಲುಪಿಸುತ್ತದೆ. ಗದ್ದಲದಲ್ಲಿ ಜೇಬುಗಳ್ಳರಿರುತ್ತಾರೆ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಮರಳುವ ವಿಮಾನ ನಸುಕಿನಲ್ಲಿದ್ದರೆ ಮೆಟ್ರೊವನ್ನು ನೆಚ್ಚದೆ, ಸಿಂತಗ್ಮಾದಿಂದ ಇಡೀ ರಾತ್ರಿ ಓಡುವ ಎಕ್ಸ್95 ಬಸ್ಸನ್ನು ಹಿಡಿಯಬೇಕು.