ಕುಸುರೆಳ್ಳಿನ ದಾಗಿನ: ತಂತಿ, ಮಣಿ, ಕಾಳು

ಮದುವೆಯಾದ ಮೊದಲ ಸಂಕ್ರಾಂತಿಗೆ ಸೊಸೆಗೂ, ಕರಿ ಎರೆಸಿಕೊಳ್ಳುವ (ಹಬ್ಬದಲ್ಲಿ ತಲೆಯ ಮೇಲೆ ಬೋರೆಹಣ್ಣು, ಕುಸುರೆಳ್ಳು ಸುರಿಸಿಕೊಳ್ಳುವ) ಕೂಸಿಗೂ ಕುಸುರೆಳ್ಳಿನ, ಅಂದರೆ ಸಕ್ಕರೆ ಪಾಕ ಏರಿಸಿದ ಎಳ್ಳಿನ ಕಾಳಿನ, ದಾಗಿನ ತೊಡಿಸುವುದು ಬೆಳಗಾವಿ ಕಡೆಯ ರೂಢಿ. ರಟ್ಟಿನ ಮೇಲೆ ಅಂಟಿಸಿದ ಸಿದ್ಧ ಸೆಟ್ ಕೊರಳಲ್ಲಿ ಹಲಗೆ ಕಟ್ಟಿಕೊಂಡಂತೆ ಸೆಟೆದು ನಿಲ್ಲುತ್ತದೆ. ನಾನು ದೊಡ್ಡವರ ದಾಗಿನಕ್ಕೆ ತಂತಿ, ಕೂಸಿನದಕ್ಕೆ ದಾರ ಬಳಸುತ್ತೇನೆ. ಅಂಟು ಎರಡಕ್ಕೂ ಇಲ್ಲ. ಬಿಳಿ ಅಂಟಿನ ನೀರಿನಂಶಕ್ಕೆ ಸಕ್ಕರೆ ಕರಗಿ ಕಾಳು ಮಂಕಾಗುತ್ತದೆ.

ಕಾಳು ಆರಿಸುವುದರಲ್ಲೇ ಅರ್ಧ ಕೆಲಸ. ಎಳ್ಳಿನ ಮೇಲೆ ಪಾಕವನ್ನು ಹನಿಹನಿಯಾಗಿ ಏರಿಸಿದ ಒಳ್ಳೆಯ ಕುಸುರೆಳ್ಳಿಗೆ ಮೈತುಂಬ ಮುಳ್ಳು. ಆ ಮುಳ್ಳುಗಳ ಸಂದಿಯಲ್ಲೇ ತಂತಿ ಕೂರಬೇಕು. ನುಣ್ಣಗಿನ ಕಾಳು ಜಾರುತ್ತದೆ. ತೂತು ಕೊರೆಯಲು ಹೋದರೆ ಒಡೆಯುತ್ತದೆ. 100 ಗ್ರಾಂ ತಂದು ಸುಮಾರು 5 ಮಿ.ಮೀ. ದಪ್ಪದವನ್ನು ಹೆಕ್ಕಿಟ್ಟುಕೊಳ್ಳಿ, ಉಳಿದದ್ದು ಎಳ್ಳು ಬೀರುವ ತಟ್ಟೆಗೆ.

ತಂತಿ 28 ಗೇಜ್, ಅಂದರೆ ಸುಮಾರು 0.3 ಮಿ.ಮೀ. ಇದಕ್ಕಿಂತ ದಪ್ಪದ್ದು ತಿರುವುವಾಗ ಸಕ್ಕರೆಯನ್ನು ಕಚ್ಚುತ್ತದೆ. ಬರಿ ತಾಮ್ರ ಬೇಡ, ಪಸೆ ತಾಗಿದರೆ ಅದರ ಹಸಿರು ಕಿಲುಬು ಬಿಳಿ ಕಾಳಿಗೆ ಹತ್ತುತ್ತದೆ. ಲೇಪವಿರುವ ಬಂಗಾರ ಬಣ್ಣದ್ದನ್ನು ಕೇಳಿ ತನ್ನಿ. ಗಾಜಿನ ಮಣಿ 3 ಮಿ.ಮೀ.ಯದು. 2 ಮಿ.ಮೀ. ಮಣಿಯಲ್ಲಿ ಎರಡೆಳೆ ತೂರಿದರೂ ಬಿಗಿಯಾಗಿ ಲೇಪ ಸುಲಿಯುತ್ತದೆ.

ಸರವನ್ನು ಒಂದೇ ತಂತಿಯಲ್ಲಿ ಮಾಡಬಾರದು. 12 ಸೆಂ.ಮೀ.ಯ ಮೂರು ತುಂಡು ಕಟ್ಟಿ, ಚಿಕ್ಕ ರಿಂಗ್‌ಗಳಿಂದ ಕೂಡಿಸಿದರೆ ಕೊರಳಿಗೆ ಒರಗಿ ಕೂರುತ್ತದೆ. ಒಂದು ತುಂಡಿಗೆ 50 ಸೆಂ.ಮೀ. ತಂತಿ ಬೇಕು. ನಟ್ಟನಡುವೆ ಮಡಚಿ, ಮಡಿಕೆಯಲ್ಲಿ ದಬ್ಬಣದ ತುದಿ ಇಟ್ಟು ಮೂರು ಸುತ್ತು ತಿರುವಿದರೆ ರಿಂಗ್ ಹಾಕಲು ಕಣ್ಣು ಸಿದ್ಧ. ಈಗ ಎರಡೆಳೆಗಳ ನಡುವೆ ಕಾಳಿಡಿ. ಎಳೆಗಳು ಎದುರುಬದುರು ಸಂದಿಯಲ್ಲಿ ಕೂತ ಮೇಲೆ ಕಾಳನ್ನು ಹಿಡಿದುಕೊಂಡೇ ಎರಡು ಸುತ್ತು ತಿರುವಿ. ಇಲ್ಲಿ ಇಕ್ಕಳ ಬೇಡ. ಮೂರನೆಯ ಸುತ್ತಿಗೆ ಕರಕ್ ಎಂದು ಚಕ್ಕೆ ಹಾರಿ ಒಳಗಿನ ಎಳ್ಳು ಇಣುಕುತ್ತದೆ. ಕಾಳು ಹಿಡಿಯದೆ ತಿರುವಿದರೆ ಬಿಗಿತ ಹಿಂದಕ್ಕೆ ಸರಿದು, ಮೊದಲು ಕಟ್ಟಿದ ಕಾಳು ಒಡೆಯುತ್ತದೆ. ಬಳಿಕ ಎರಡೂ ಎಳೆಗೆ ಒಂದು ಮಣಿ, ಮತ್ತೆ ಎರಡು ಸುತ್ತು, ಮತ್ತೆ ಕಾಳು. ತುಂಡಿಗೆ 11 ಕಾಳು, 10 ಮಣಿ ಹಿಡಿಸುತ್ತವೆ. ಸುತ್ತು ತಪ್ಪಿದರೆ ಒಮ್ಮೆ ಬಿಚ್ಚಬಹುದು. ಅದೇ ಜಾಗದಲ್ಲಿ ಮತ್ತೆ ಮತ್ತೆ ತಿರುವಿದರೆ ತಂತಿ ಗಡುಸಾಗಿ ಮುರಿಯುತ್ತದೆ. ಕೊನೆಗೆ ಇನ್ನೊಂದು ಕಣ್ಣು ಮಾಡಿ, ಉಳಿದ ತುದಿಯನ್ನು ಅದರ ಬುಡಕ್ಕೆ ಸುತ್ತಿ ಇಕ್ಕಳದಿಂದ ಒತ್ತಿ. ಈ ತುದಿಯೇ ಸೀರೆಯ ಎಳೆ ಕೀಳುವುದು, ಬೆರಳು ಸವರಿ ನೋಡದೆ ಬಿಡಬೇಡಿ. ಹಿಂದೆ ಕಟ್ಟಲು ಕರಿ ದಾರ. ಕರಿ ಸೀರೆ ಉಟ್ಟವರಿಗೆ ಅದು ಕಾಣುವುದೂ ಇಲ್ಲ.

ಬಳೆಗೆ ಹಳೆಯ ಲೋಹದ ಬಳೆಯೇ ಚೌಕಟ್ಟು. ‘ಎರಡು-ಆರು’ ಅಳತೆಯ ಒಳಸುತ್ತು ಸುಮಾರು 19 ಸೆಂ.ಮೀ., ಹಾಗಾಗಿ ಕಾಳಿನ ಸಾಲು 20 ಸೆಂ.ಮೀ. ಇರಲಿ. ಅದನ್ನು ಹೊರಮೈಗೆ ಇಟ್ಟು, ಬೇರೆ ತಂತಿಯಿಂದ ಮಣಿಗಳ ಪಕ್ಕದಲ್ಲಿ ಬಿಗಿಯುತ್ತ ಹೋಗಿ. ಓಲೆಗೆ ಮೂರು ಕಾಳು ಸಾಕು, ಕೊಕ್ಕೆ ಮಾತ್ರ ಬೆಳ್ಳಿಯದೋ ಸ್ಟೀಲಿನದೋ ಆಗಿರಲಿ.

ಬೆಳಗಾವಿಯ ಚಳಿ, ಮಂಜಿನ ಬೆಳಗಿನಲ್ಲಿ ಕಾಳು ಕೈಗೆ ಅಂಟುತ್ತದೆ. ಬಿಸಿಲೇರಿದ ಮೇಲೆ ಕೂತು, ಆಗಾಗ ಕೈ ಒರೆಸಿಕೊಳ್ಳುತ್ತಿರಿ. ವಿಜಯಪುರದ ಒಣ ಹವೆಯಲ್ಲಿ ಈ ಕಾಟ ಕಡಿಮೆ. ಮುಗಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಇಡಿ. ಫ್ರಿಜ್ ಬೇಡ, ಹೊರತೆಗೆದ ಕೂಡಲೇ ಹನಿಗಟ್ಟುತ್ತದೆ.

ಕೂಸಿನದಕ್ಕೆ ತಂತಿ, ಗಾಜಿನ ಮಣಿ ಎರಡೂ ವರ್ಜ್ಯ. ಜೋಡಿ ದಾರದಲ್ಲಿ ಪ್ರತಿ ಕಾಳಿಗೂ ಎರಡು ಗಂಟು ಹಾಕಿ. ಕೂಸು ಕಾಳು ಕಿತ್ತು ಬಾಯಿಗಿಟ್ಟರೆ ಗಂಟಲಿಗೆ ಸಿಕ್ಕಬಹುದು, ಆದ್ದರಿಂದ ತೊಡಿಸಿದಷ್ಟು ಹೊತ್ತೂ ಒಬ್ಬರು ಪಕ್ಕದಲ್ಲೇ ಇರಬೇಕು. ಆರತಿ ಮುಗಿದ ಕೂಡಲೇ ತೆಗೆದುಬಿಡಿ.

ತಂತಿಗೆ ಕಟ್ಟಿದ ಕಾಳನ್ನು ತಿನ್ನಬಾರದು. ಹಬ್ಬ ಮುಗಿದ ಮೇಲೆ ಸರವನ್ನು ಬಿಸಿನೀರಿಗೆ ಹಾಕಿದರೆ ಸಕ್ಕರೆ ಕರಗಿ ಮಣಿ, ರಿಂಗ್ ಮರಳಿ ಸಿಗುತ್ತವೆ. ತಿರುವಿದ ತಂತಿ ಮಾತ್ರ ಮತ್ತೆ ಬಾರದು.