ಮಗನ ಖಾತೆ ಮೈನಸ್‌ಗೆ ಇಳಿದಾಗ

ಮಗನಿಗೆ 16 ವರ್ಷ. ಅವನ ಉಳಿತಾಯ ಖಾತೆಯಿಂದ ಪ್ರತಿ ತಿಂಗಳು 1ನೇ ತಾರೀಕು 500 ರೂಪಾಯಿ ಎಸ್‌ಐಪಿಗೆ, ಅಂದರೆ ಮ್ಯೂಚುವಲ್ ಫಂಡಿನ ತಿಂಗಳ ಕಂತಿಗೆ, ಹೋಗುತ್ತಿತ್ತು. ದುಡ್ಡು ಹಾಕಬೇಕಾದವನು ನಾನು. ಎರಡು ತಿಂಗಳು ಮರೆತೆ. "ಅಪ್ಪಾ, ನಾನೇ ಬ್ಯಾಂಕಿಗೆ ಸಾಲಗಾರ ಆಗಿಬಿಟ್ಟೆ" ಅಂತ ಮೊಬೈಲ್ ತೋರಿಸಿದ. ಇದ್ದ 140 ರೂಪಾಯಿಯೂ ಹೋಗಿ ಮೈನಸ್ 450!

ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಆಟೋ ಡೆಬಿಟ್ (ಖಾತೆಯಿಂದ ತಾನಾಗೇ ಕಂತು ಕಡಿತ) ದುಡ್ಡಿಲ್ಲದೆ ವಾಪಸ್ಸಾದದ್ದಕ್ಕೆ ಸಲಕ್ಕೆ 250, ಮೇಲೆ 18% ಜಿಎಸ್‌ಟಿ 45. ಎರಡು ಸಲಕ್ಕೆ 590. 500ರ ಕಂತಿಗೆ 295 ದಂಡ ಅಂದರೆ ಜಾಸ್ತಿಯೇ ಅಲ್ವಾ?

ಕೌಂಟರಿನಲ್ಲಿ "ಸಿಸ್ಟಮ್ ತಾನಾಗೇ ಹಾಕತ್ತೆ ಸಾರ್" ಅಂದರು. ನಾನು ಸುಮ್ನೆ ವಾಪಸ್ ಬರಲಿಲ್ಲ. ಅಪ್ರಾಪ್ತರ ಖಾತೆ ಮೈನಸ್‌ಗೆ ಹೋಗಕೂಡದು, ಯಾವಾಗಲೂ ಜಮೆಯಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕಿನ 2025ರ ಏಪ್ರಿಲ್ ಸುತ್ತೋಲೆಯಲ್ಲಿದೆ. ಅದರ ಪ್ರಿಂಟ್ ಲಗತ್ತಿಸಿ ಮ್ಯಾನೇಜರ್‌ಗೆ ಅರ್ಜಿ ಕೊಟ್ಟೆ, ನಕಲಿಗೆ ಸೀಲು ಹಾಕಿಸಿಕೊಂಡೆ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದನ್ನೂ ಅರ್ಜಿಯಲ್ಲಿ ಬರೆದಿದ್ದೆ.

ಹನ್ನೆರಡನೇ ದಿನ 450 ವಾಪಸ್ ಬಂತು, ಖಾತೆ ಸೊನ್ನೆಗೆ ನಿಂತಿತು. ಉಳಿದ 140 ಬರಲಿಲ್ಲ. ಮರೆತದ್ದು ನಾನೇ, ಹಾಗಾಗಿ ಎಳೆದಾಡಲಿಲ್ಲ. ಸಂಬಳ ಬರುವುದು 5ಕ್ಕೆ, ಕಂತಿನ ತಾರೀಕನ್ನು 7ಕ್ಕೆ ಹಾಕಿಸಿದೆ. ಮಗ ಮಾತ್ರ ಆ 140ನ್ನು ನನ್ನಿಂದ ಅವತ್ತೇ ವಸೂಲಿ ಮಾಡಿದ.